ಕ್ಯಾರೆಟ್ ಗುಳಿಗೆ ಮತ್ತು ಕಲ್ನಾರಿನ ಧೂಳು



ಒಂದು ಶನಿವಾರ ಕನ್ನಡ ತರಗತಿ ಮುಗಿದ ಮೇಲೆ ಒಬ್ಬ ತಾಯಿ ನಮ್ಮ ಬಳಿ ಬಂದು ಕೇಳಿದರು: "ಟೀಚರ್, ನಾವು ಹಳೇ ಮನೆ ತಗೊಂಡಿದ್ದೀವಿ. ಹಿತ್ತಲಿನ ಶೆಡ್ ಅನ್ನು ರಜೆಯಲ್ಲಿ ತಾನೇ ಒಡೀತೀನಿ ಅಂತ ಇವರು ಹೊರಟಿದ್ದಾರೆ. ಅದು ಕಲ್ನಾರಿನ ಶೀಟು ಅಂತ ಪಕ್ಕದ ಮನೆಯವರು ಹೇಳಿದ್ರು. ದಿನಾ ಅರಿಶಿನದ ಹಾಲು ಕುಡಿದರೆ ಅದರ ಧೂಳು ಏನೂ ಮಾಡಲ್ಲ ಅಂತ ಮೊಬೈಲಿಗೆ ಒಂದು ಮೆಸೇಜ್ ಬಂದಿತ್ತು. ನಿಜಾನಾ?"

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಕೇಳಿ ಬೆಳೆದವರು ನಾವು. ಆದ್ದರಿಂದ ಆ ತಾಯಿಯ ಪ್ರಶ್ನೆ ನಮಗೆ ವಿಚಿತ್ರವೆನಿಸಲಿಲ್ಲ. ಅದಕ್ಕೆ ಸರಿಯಾದ ಉತ್ತರ ಹುಡುಕುತ್ತಾ ನಾವು ಕಲಿತದ್ದೇ ಈ ಪಾಠ.

ಕಲ್ನಾರು ಎಂದರೇನು?

ಹೆಸರೇ ಹೇಳುವಂತೆ ಇದು ಕಲ್ಲಿನಲ್ಲಿ ಸಿಗುವ ನಾರು. ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್. ಬೆಂಕಿಗೆ ಉರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕಡಿಮೆ. ಆದ್ದರಿಂದ ಸಿಮೆಂಟಿನೊಡನೆ ಬೆರೆಸಿ ಮಾಡು, ಗೋಡೆ, ಪೈಪುಗಳನ್ನು ಮಾಡಿದರು. ನಮ್ಮೂರುಗಳಲ್ಲಿ 'ಶೀಟಿನ ಮನೆ' ಎಂದರೆ ಎಲ್ಲರಿಗೂ ಗೊತ್ತು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ ಗೋಡೆಗೆ 'ಫೈಬ್ರೊ' ಎನ್ನುತ್ತಾರೆ. 2003ರ ಡಿಸೆಂಬರ್ 31ರಿಂದ ಈ ದೇಶದಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಲಾಗಿದೆ. ಆದರೆ 1990ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಅದು ಇನ್ನೂ ಇರುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಬಿಳಿ ಕಲ್ನಾರಿಗೆ ಇಂದಿಗೂ ಸಂಪೂರ್ಣ ನಿಷೇಧವಿಲ್ಲ.

ಅಪಾಯ ಎಲ್ಲಿದೆ?

ಒಡೆಯದ, ಸುಸ್ಥಿತಿಯಲ್ಲಿರುವ ಶೀಟಿನಿಂದ ಅಪಾಯ ಬಹಳ ಕಡಿಮೆ. ಅದನ್ನು ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಅವು ಉಸಿರಿನ ಮೂಲಕ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಹದ ಕಾವಲು ಕೋಶಗಳು ಧೂಳನ್ನು ನುಂಗಿ ತೆಗೆದುಹಾಕುತ್ತವೆ. ಆದರೆ ಉದ್ದನೆಯ ಕಲ್ಲಿನ ಎಳೆಯನ್ನು ಅವು ನುಂಗಲಾರವು, ಕರಗಿಸಲಾರವು. ಹೀಗಾಗಿ ಅಲ್ಲಿ ವರ್ಷಗಟ್ಟಲೆ ಉರಿಯೂತ ನಡೆಯುತ್ತದೆ, ಜೀವಕೋಶಗಳ ವಂಶವಾಹಿಗಳಿಗೆ ಪೆಟ್ಟು ಬೀಳುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಆಗಲಿ, ಶ್ವಾಸಕೋಶದ ಹೊರಪೊರೆಗೆ ಬರುವ 'ಮೆಸೊಥೆಲಿಯೋಮಾ' ಎಂಬ ಕ್ಯಾನ್ಸರ್ ಆಗಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಇಂದು ಧೂಳು ಕುಡಿದ ಮಗು ಅಜ್ಜನಾಗುವ ಹೊತ್ತಿಗೆ ರೋಗ ಬರಬಹುದು!

ಕಲ್ನಾರಿಗೂ ಮೆಸೊಥೆಲಿಯೋಮಾಕ್ಕೂ ಇರುವ ನಂಟನ್ನು 1960ರಲ್ಲಿ ದಕ್ಷಿಣ ಆಫ್ರಿಕಾದ ಡಾ. ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳನ್ನು ಅಭ್ಯಸಿಸಿ ತೋರಿಸಿದರು. ಆ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದ ವಿಟ್ನೂಮ್ ಊರಿನಲ್ಲಿ ನೀಲಿ ಕಲ್ನಾರಿನ ಗಣಿಗಾರಿಕೆ ಭರದಿಂದ ಸಾಗಿತ್ತು. 1966ರಲ್ಲಿ ಮುಚ್ಚುವ ತನಕ ಅಲ್ಲಿ ಸುಮಾರು 7,000 ಮಂದಿ ದುಡಿದರು. ಗಣಿಯ ಕಸವನ್ನು ಊರಿನ ರಸ್ತೆಗೆ, ಅಂಗಳಕ್ಕೆ ಹರಡಿದ್ದರು. ಮಕ್ಕಳು ಅದರಲ್ಲೇ ಆಡಿದರು. ಗಣಿಗೆ ಕಾಲಿಡದ ಹೆಂಗಸರು ಮಕ್ಕಳೂ ಮುಂದೆ ಈ ಕ್ಯಾನ್ಸರಿಗೆ ತುತ್ತಾದರು. ಇಂದು ಆ ಊರಿನ ಹೆಸರನ್ನೇ ಭೂಪಟದಿಂದ ತೆಗೆಯಲಾಗಿದೆ.

ಕ್ಯಾರೆಟ್ ಮೇಲಿಟ್ಟ ಭರವಸೆ

ಧೂಳು ಒಳಗೆ ಹೋದವರ ಗತಿಯೇನು? ಆಹಾರದಿಂದ ಅವರನ್ನು ಕಾಪಾಡಬಹುದೇ? ವಿಜ್ಞಾನಿಗಳೂ ಆ ತಾಯಿಯಂತೆಯೇ ಯೋಚಿಸಿದರು. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿದ್ದವು. ಕ್ಯಾರೆಟ್, ಮಾವು, ಪಪಾಯಿ, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಬಣ್ಣದ ವಸ್ತುವೇ ಇದಕ್ಕೆ ಕಾರಣವಿರಬಹುದೇ ಎಂದು 1981ರಲ್ಲಿ ರಿಚರ್ಡ್ ಪೀಟೊ ಮತ್ತು ಸಂಗಡಿಗರು ಕೇಳಿದರು.

ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ 'ಕ್ಯಾರೆಟ್' ಎಂಬ ಹೆಸರಿನಲ್ಲೇ ಒಂದು ದೊಡ್ಡ ಪ್ರಯೋಗ ನಡೆಯಿತು. ಬೀಡಿ ಸಿಗರೇಟಿನ ಚಟವಿದ್ದವರು, ಅದನ್ನು ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು, ಹೀಗೆ ಒಟ್ಟು 18,314 ಮಂದಿ ಸೇರಿದರು. ಅರ್ಧದಷ್ಟು ಮಂದಿಗೆ ದಿನವೂ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮತ್ತು ಎ ಜೀವಸತ್ವ. ಉಳಿದವರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ನಿಜವಾದ ಗುಳಿಗೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 28 ಶೇಕಡಾ ಹೆಚ್ಚು, ಸಾವು 17 ಶೇಕಡಾ ಹೆಚ್ಚು! 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳಿರುವಾಗಲೇ, ಗುಳಿಗೆ ಕೊಡುವುದನ್ನು ನಿಲ್ಲಿಸಿದರು. ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪ್ರಯೋಗವೂ 1994ರಲ್ಲಿ ಇದೇ ಎಚ್ಚರಿಕೆ ನೀಡಿತ್ತು.

ವಿಟ್ನೂಮಿನಲ್ಲಿ ದುಡಿದವರಿಗೂ 1990ರಿಂದ ಇಂಥ ಗುಳಿಗೆ ಕೊಟ್ಟು ನೋಡಿದರು. 1,024 ಮಂದಿಯಲ್ಲಿ ಅರ್ಧ ಬೀಟಾ ಕ್ಯಾರೊಟಿನ್, ಅರ್ಧ ರೆಟಿನಾಲ್ (ಎ ಜೀವಸತ್ವ) ಪಡೆದರು. 1998ರ ವರದಿಯಂತೆ ಮೊದಲ ಗುಂಪಿನಲ್ಲಿ 12, ಎರಡನೆಯದರಲ್ಲಿ 3 ಮಂದಿಗೆ ಮೆಸೊಥೆಲಿಯೋಮಾ ಬಂದಿತ್ತು. ಆದರೆ ಮದ್ದಿಲ್ಲದ ಗುಳಿಗೆಯ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ರೆಟಿನಾಲ್ ಕಾಪಾಡಿತೋ, ಬೀಟಾ ಕ್ಯಾರೊಟಿನ್ ಕೆಡುಕು ಮಾಡಿತೋ ಎಂದು ಅದರಿಂದ ತೀರ್ಮಾನಿಸಲಾಗದು. ಹೋಲಿಕೆಯ ಗುಂಪು ಏಕೆ ಬೇಕು ಎಂಬುದಕ್ಕೆ ಮಕ್ಕಳೇ, ಇದು ಒಳ್ಳೆಯ ಉದಾಹರಣೆ.

ಹಾಗಾದರೆ ಕ್ಯಾರೆಟ್ ಕೆಟ್ಟದ್ದೇ?

ಖಂಡಿತ ಅಲ್ಲ. ಒಂದು ಮಧ್ಯಮ ಗಾತ್ರದ ಕ್ಯಾರೆಟ್‌ನಲ್ಲಿ ಸುಮಾರು 5 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಇರುತ್ತದೆ. ಅದರ ಜೊತೆ ನಾರು ಮತ್ತು ಇತರ ಹತ್ತಾರು ವಸ್ತುಗಳೂ ಇರುತ್ತವೆ. ಗುಳಿಗೆಯಲ್ಲಿ ಒಂದೇ ವಸ್ತು, ಆರು ಪಟ್ಟು, ವರ್ಷಗಟ್ಟಲೆ. ಹೊಗೆಯಿಂದ ನೊಂದ ಶ್ವಾಸಕೋಶದಲ್ಲಿ ಅಷ್ಟೊಂದು ಬೀಟಾ ಕ್ಯಾರೊಟಿನ್ ಒಡೆದು ಹಾನಿಕರ ತುಣುಕುಗಳಾಗಬಹುದು ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಅಮೆರಿಕದ ಅದೇ ಪ್ರಯೋಗದಲ್ಲಿ ಮದ್ದಿಲ್ಲದ ಗುಳಿಗೆ ಪಡೆದವರ ಪೈಕಿ ಹಣ್ಣು ಹೆಚ್ಚು ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಿತ್ತು ಎಂಬುದನ್ನೂ ಗಮನಿಸಿ. ತಟ್ಟೆಯ ಮೇಲಿನ ತರಕಾರಿ ಬೇರೆ, ಡಬ್ಬಿಯೊಳಗಿನ ಗುಳಿಗೆ ಬೇರೆ.

ಅರಿಶಿನದ ಮಾತೂ ಹೀಗೆಯೇ. ಅದರ ಹಳದಿ ಬಣ್ಣದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮೆಸೊಥೆಲಿಯೋಮಾ ಕೋಶಗಳ ಬೆಳವಣಿಗೆಯನ್ನು ತಡೆದದ್ದುಂಟು. ಆದರೆ ನಾವು ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಗಾಜಿನ ತಟ್ಟೆಯಲ್ಲಿ ಆದದ್ದೆಲ್ಲ ಮನುಷ್ಯರ ಮೈಯಲ್ಲಿ ಆಗುವುದಿಲ್ಲ ಎಂಬುದನ್ನು ಬೀಟಾ ಕ್ಯಾರೊಟಿನ್ ಕಥೆಯೇ ಕಲಿಸಿದೆ. ಅರಿಶಿನದ ಹಾಲು ರುಚಿಗೆ, ಪ್ರೀತಿಗೆ ಇರಲಿ. ಕಲ್ನಾರಿನ ಧೂಳಿಗೆ ಅದು ಗುರಾಣಿಯಲ್ಲ.

ನಾವು ಮಾಡಬೇಕಾದದ್ದು

1. ಹಳೆಯ ಶೀಟನ್ನು ಕೊರೆಯುವುದು, ಉಜ್ಜುವುದು, ಜೋರಾದ ನೀರಿನಿಂದ ತೊಳೆಯುವುದು ಬೇಡ.
2. ಅನುಮಾನವಿದ್ದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ತೆಗೆಯುವ ಕೆಲಸವನ್ನು ಪರವಾನಗಿ ಇರುವವರಿಗೇ ಬಿಡಿ.
3. ರಜೆಗೆ ಊರಿಗೆ ಹೋದಾಗ ಶೀಟು ಒಡೆಯುವ ಅಥವಾ ಕತ್ತರಿಸುವ ಕಡೆ ಮಕ್ಕಳನ್ನು ಬಿಡಬೇಡಿ.
4. ಹಿಂದೆ ಇಂಥ ಧೂಳಿನಲ್ಲಿ ದುಡಿದವರು ಮನೆಯಲ್ಲಿದ್ದರೆ ವೈದ್ಯರಿಗೆ ಆ ವಿಷಯ ತಿಳಿಸಿ. ಅವರು ಸಿಗರೇಟು ಬಿಡುವುದು ಬಹಳ ಮುಖ್ಯ. ಅಮೆರಿಕದ ಕಾರ್ಮಿಕರ 1979ರ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಕಲ್ನಾರು ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಲ್ಲಿ 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚಿತ್ತು.
5. ವೈದ್ಯರನ್ನು ಕೇಳದೆ ಜೀವಸತ್ವದ ಗುಳಿಗೆಗಳನ್ನು ನುಂಗಬೇಡಿ. ಹಣ್ಣು, ಸೊಪ್ಪು, ತರಕಾರಿ ಧಾರಾಳವಾಗಿ ತಿನ್ನಿ.

ಆ ತಾಯಿಗೆ ನಾವು ಇಷ್ಟನ್ನೂ ಹೇಳಿದೆವು. ಪರೀಕ್ಷೆಯಲ್ಲಿ ಅದು ಕಲ್ನಾರೇ ಎಂದು ಬಂತು. ಪರವಾನಗಿ ಇದ್ದವರು ಬಂದು ಶೆಡ್ ತೆಗೆದುಕೊಂಡು ಹೋದರು. ಖರ್ಚು ತುಸು ಹೆಚ್ಚೇ ಆಯಿತಂತೆ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಅದೇ ಮೇಲಲ್ಲವೇ?

ಯೋಚಿಸಿ ಉತ್ತರಿಸಿ

1. ಕಲ್ನಾರಿನ ಎಳೆಯನ್ನು ನಮ್ಮ ದೇಹ ಏಕೆ ಹೊರಹಾಕಲಾರದು?
2. ಅಮೆರಿಕದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದ್ದು ಏಕೆ?
3. ನಿಮ್ಮ ಮನೆ ಯಾವ ವರ್ಷ ಕಟ್ಟಿದ್ದು? ಅಪ್ಪ ಅಮ್ಮನನ್ನು ಕೇಳಿ ತಿಳಿದುಕೊಳ್ಳಿ.