ಮಗುವಿನ ಗಂಟಲು ನೋವು, ಫ್ರಿಜ್‌ನಲ್ಲಿರೋ ಹಳೇ ಸಿರಪ್ಪು

ಮಸ್ಕತ್‌ನ ಅಲ್ ಮಬೇಲಾದಿಂದ ಮಾತಾಡ್ತಿದ್ದೇವೆ. ಊರಿಂದ ತಂದ ಆಂಟಿಬಯಾಟಿಕ್ ಸಿರಪ್ಪು ಅರ್ಧ ಬಾಟಲಿ ಫ್ರಿಜ್‌ನಲ್ಲಿ ಉಳಿದಿರುತ್ತೆ. ನಮ್ಮ ಮನೆಯಲ್ಲೂ ಇತ್ತು. ಮಗು ಗಂಟಲು ನೋವು ಅಂದ ತಕ್ಷಣ ಕೈ ಅಲ್ಲಿಗೇ ಹೋಗುತ್ತೆ.

ಆದರೆ ಚಿಕ್ಕ ಮಕ್ಕಳ ಗಂಟಲು ನೋವಿಗೆ ಹೆಚ್ಚಿನ ಸಲ ವೈರಸ್ ಕಾರಣ. ಅದಕ್ಕೆ ಆಂಟಿಬಯಾಟಿಕ್ ನಾಟೋದಿಲ್ಲ. ಮೂಗು ಸೋರುತ್ತಾ ಕೆಮ್ಮೂ ಇದ್ದರೆ ಬಹುತೇಕ ವೈರಸ್ಸೇ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ನೀರು, ತೆಳು ಗಂಜಿ. ಸಾಮಾನ್ಯವಾಗಿ ವಾರದೊಳಗೆ ವಾಸಿ. ಜೇನುತುಪ್ಪ ಮಾತ್ರ ವರ್ಷ ತುಂಬದ ಮಗುವಿಗೆ ಬೇಡ.

ಇನ್ನು ಎ ಗುಂಪಿನ ಸ್ಟ್ರೆಪ್ಟೊಕಾಕಸ್. ಈ ಬ್ಯಾಕ್ಟೀರಿಯಾ 5ರಿಂದ 15 ವರ್ಷದವರಲ್ಲಿ ಹೆಚ್ಚು, 3ರ ಕೆಳಗೆ ಅಪರೂಪ. ಟಾನ್ಸಿಲ್ ಮೇಲಿನ ಬಿಳಿ ಕಲೆ ನೋಡಿ ಇದೇ ಅನ್ನೋಕಾಗಲ್ಲ, ವೈರಸ್ಸಿಂದಲೂ ಬರುತ್ತೆ. ಗಂಟಲಿನ ಸ್ವಾಬ್ ಪರೀಕ್ಷೆ ಬೇಕು. ಇದರ ಹೊರಕವಚದ ಪ್ರೋಟೀನು ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುತ್ತೆ. ಹಾಗಾಗಿ ಕೆಲವು ಮಕ್ಕಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಗುರಿ ತಪ್ಪಿ ಹೃದಯದ ಕವಾಟಕ್ಕೇ ಬೀಳುತ್ತೆ. ಅದೇ ರುಮ್ಯಾಟಿಕ್ ಜ್ವರ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ಬಿಡಿಸುವ ಕವಾಟಗಳ ಹಿಂದೆ ಹೆಚ್ಚಾಗಿ ಇರೋದು ಇಂಥದೇ ಹಳೇ ಗಂಟಲು ನೋವು.

ಅದನ್ನು ತಡೆಯೋಕೇ ಅಮಾಕ್ಸಿಸಿಲಿನ್ 10 ದಿನ ಕೊಡೋದು. ಎರಡು ಮೂರು ದಿನಕ್ಕೇ ಮಗು ಆಡೋಕೆ ಶುರು ಮಾಡುತ್ತೆ, ನಾವು ನಿಲ್ಲಿಸಿಬಿಡ್ತೇವೆ. ಫ್ರಿಜ್‌ನ ಬಾಟಲಿ ಬಂದದ್ದು ಹೀಗೇ! ಕಲಸಿದ ಸಿರಪ್ಪು ಕೆಲವೇ ದಿನ ಕೆಡದೆ ಇರೋದು, ಚೆಲ್ಲಿಬಿಡಿ.

ಮಗು ನುಂಗಲಾರದೆ ಜೊಲ್ಲು ಸುರಿಸಿದರೆ, ಉಸಿರಿಗೆ ಕಷ್ಟಪಟ್ಟರೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.