ಬಳಕೆದಾರರ ನುಡಿ ಮತ್ತು ಗಣಕ ಪದಕೋಶ: ಆಯ್ಕೆ ಹಾಗೂ ತಿದ್ದುಪಡಿಯ ಕೆಲವು ಪ್ರಶ್ನೆಗಳು

ಕನ್ನಡ ನಿಘಂಟುರಚನೆಯಲ್ಲಿ ಓದುಗರ ಪಾಲು ಹೊಸದೇನಲ್ಲ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಬೆಳೆದದ್ದು ‘ಪ್ರಜಾವಾಣಿ’ಯ ಓದುಗರು ಕೇಳಿದ ಪ್ರಶ್ನೆಗಳಿಂದಲೇ. ಆದರೆ ಅಲ್ಲಿ ಪ್ರಶ್ನೆಗೂ ನಮೂದಿಗೂ ನಡುವೆ ಒಬ್ಬ ನಿಘಂಟುಕಾರರಿದ್ದರು. ಬಳಕೆದಾರರೇ ನೇರವಾಗಿ ಪದ ಸೇರಿಸಬಹುದಾದ ಗಣಕ ಪದಕೋಶದಲ್ಲಿ ಆ ವಿವೇಚನೆಯನ್ನು ಕ್ರಮವಿಧಿಯೊಳಗೇ ಅಳವಡಿಸಬೇಕಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಈ ಐದು ತಾಲೂಕುಗಳ ಆಡುನುಡಿಗೆ ಪದಕೋಶವೊಂದನ್ನು ರೂಪಿಸುವುದಾದರೆ ಎದುರಾಗುವ ಸಮಸ್ಯೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಆಯ್ಕೆ

ಪೈಥಾನ್ ಭಾಷೆಯಲ್ಲಿ ‘ಡಿಕ್ಷನರಿ’ ಎಂದರೆ ಕೀಲಿ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹ. ತಾಲೂಕಿನ ಹೆಸರು ಕೀಲಿಯಾದರೆ, ಅಲ್ಲಿನ ಪದಕೋಶವೇ ಅದರ ಮೌಲ್ಯ. ಬಳಕೆದಾರರು ಊರ ಹೆಸರನ್ನು ನಮೂದಿಸಿದೊಡನೆ ಆಯಾ ಪದಕೋಶ ತೆರೆಯಬೇಕು. ಇದು ಕಾಣುವಷ್ಟು ಸರಳವಲ್ಲ. ‘ಕೊಟ್ಟೂರು’ ಎಂಬುದರ ‘ಕೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ‘ಒ’ಕಾರದ ಒಂದೇ ಸಂಕೇತದಿಂದ ಬರೆಯಬಹುದು, ‘ಎ’ಕಾರ ಮತ್ತು ‘ಊ’ಕಾರದ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಹಗರಿಬೊಮ್ಮನಹಳ್ಳಿಯ ‘ಬೊ’ ಅಕ್ಷರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ನಮೂದನ್ನು ಮೊದಲು ಏಕರೂಪಗೊಳಿಸಿ ಅನಂತರ ಹುಡುಕಬೇಕು.

ಕೂಡ್ಲಿಗಿ-ಕೂಡ್ಲಗಿ, ಹಡಗಲಿ-ಹೂವಿನಹಡಗಲಿ ಎಂಬ ರೂಪಭೇದಗಳ ಸ್ವರೂಪ ಇದಕ್ಕಿಂತ ಭಿನ್ನ. ಇವುಗಳನ್ನು ಒಂದೇ ಕೀಲಿಗೆ ಜೋಡಿಸುವ ಪ್ರತ್ಯೇಕ ಪಟ್ಟಿ ಅಗತ್ಯ. ಪರಿಚಯವಿಲ್ಲದ ಹೆಸರು ಬಂದಾಗ ಕ್ರಮವಿಧಿ ತಾನಾಗಿಯೇ ಹೊಸ ಪದಕೋಶವನ್ನು ಸೃಷ್ಟಿಸಕೂಡದು. ಹಾಗೆ ಮಾಡಿದರೆ ಪ್ರತಿಯೊಂದು ಕಾಗುಣಿತದ ತಪ್ಪೂ ಒಂದು ಹೊಸ ಉಪಭಾಷೆಯಾಗಿ ದಾಖಲಾಗುತ್ತದೆ.

ಜಿಲ್ಲೆಯ ಹೆಸರನ್ನು ಕೀಲಿಯಾಗಿ ಇಟ್ಟುಕೊಳ್ಳುವುದೂ ಸೂಕ್ತವಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರು ಮೊದಲು ಕೂಡ್ಲಿಗಿ ತಾಲೂಕಿನ ಭಾಗವಾಗಿತ್ತು. ಆಡಳಿತದ ಗಡಿ ಬದಲಾದ ಮಾತ್ರಕ್ಕೆ ಜನರ ಮಾತು ಬದಲಾಗುವುದಿಲ್ಲ. ಪದ ದೊರೆತ ಊರು ಹಾಗೂ ಸಂಗ್ರಹಿಸಿದ ವರ್ಷ ನಮೂದಿನೊಂದಿಗೇ ಇದ್ದರೆ, ತಾಲೂಕು ಮತ್ತು ಜಿಲ್ಲೆಗಳನ್ನು ಯಾವಾಗ ಬೇಕಾದರೂ ಹೊಸದಾಗಿ ಹೊಂದಿಸಿಕೊಳ್ಳಬಹುದು.

2. ತಿದ್ದುಪಡಿ

ನಿಜವಾದ ಅಪಾಯವಿರುವುದು ಇಲ್ಲಿ. ‘ಹಗೆ’ ಎಂಬ ಪದವನ್ನು ಗಮನಿಸಬಹುದು. ಗ್ರಂಥಸ್ಥ ಕನ್ನಡದಲ್ಲಿ ಇದರ ಪ್ರಸಿದ್ಧಾರ್ಥ ವೈರ, ವೈರಿ. ಒಕ್ಕಲುತನದ ನುಡಿಯಲ್ಲಿ ಇದು ಧಾನ್ಯ ತುಂಬಿಡುವ ನೆಲದ ಗುಂಡಿ. ಹಗೇವು ಎಂಬ ರೂಪವೂ ಉಂಟು. ಪದಕೋಶದಲ್ಲಿ ‘ವೈರ’ ಎಂಬ ಅರ್ಥ ಈಗಾಗಲೇ ಇದ್ದು, ಬಳಕೆದಾರರೊಬ್ಬರು ‘ಧಾನ್ಯದ ಗುಂಡಿ’ ಎಂದು ಸೇರಿಸಿದರೆಂದು ಭಾವಿಸೋಣ. ಒಂದು ಕೀಲಿಗೆ ಒಂದೇ ಮೌಲ್ಯವಿರುವುದರಿಂದ, ನೇರವಾಗಿ ನಿಯೋಜಿಸಿದರೆ ಹಿಂದಿನ ಅರ್ಥ ಅಳಿಸಿಹೋಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಕ್ರಮ ತಿರುವುಮುರುವಾದರೆ ಅಳಿಯುವುದು ರೈತನ ಅರ್ಥ. ಮೌಲ್ಯದ ಸ್ಥಾನದಲ್ಲಿ ಒಂದರ್ಥಕ್ಕೆ ಬದಲಾಗಿ ಅರ್ಥಗಳ ಪಟ್ಟಿಯನ್ನಿಟ್ಟು, ಹೊಸದನ್ನು ಅದರ ಕೊನೆಗೆ ಸೇರಿಸುವುದೇ ಇದಕ್ಕೆ ಪರಿಹಾರ.

ನಕಲಿನ ವಿಚಾರದಲ್ಲೂ ಎಚ್ಚರ ಬೇಕು. ಆಯ್ದ ಪದಕೋಶಕ್ಕೆ ಬೇರೊಂದು ಹೆಸರಿಟ್ಟ ಮಾತ್ರಕ್ಕೆ ನಕಲು ಆಗುವುದಿಲ್ಲ. ಎರಡು ಹೆಸರುಗಳೂ ಒಂದೇ ಸಂಗ್ರಹವನ್ನು ಸೂಚಿಸುತ್ತಿರುತ್ತವೆ. ಮೇಲುಪದರದ ನಕಲು ತೆಗೆದರೂ ಒಳಗಿನ ಅರ್ಥಪಟ್ಟಿಗಳು ಮೂಲದೊಂದಿಗೆ ಹಂಚಿಕೆಯಾಗಿಯೇ ಉಳಿಯುತ್ತವೆ. ಕರಡಿನಲ್ಲಿ ಸೇರಿಸಿದ ಅರ್ಥ ಪರಿಷ್ಕರಣೆಗೆ ಮೊದಲೇ ಮೂಲಕೋಶದಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಆದ್ದರಿಂದ ಒಳಪಟ್ಟಿಗಳನ್ನೂ ಪ್ರತ್ಯೇಕಿಸುವ ಪೂರ್ಣ ನಕಲಿನ ಮೇಲೆಯೇ ತಿದ್ದುಪಡಿ ನಡೆಯಬೇಕು.

3. ಸಮಾರೋಪ

ಮೇಲಿನ ಚರ್ಚೆಯಿಂದ ತಿಳಿದುಬರುವುದಿಷ್ಟು: ಆಯ್ಕೆಯಲ್ಲಿ ಕ್ರಮವಿಧಿ ಉದಾರವಾಗಿರಬೇಕು, ಅಂದರೆ ಜನ ಬರೆಯುವ ರೂಪಗಳನ್ನೆಲ್ಲ ಗುರುತಿಸಬೇಕು. ತಿದ್ದುಪಡಿಯಲ್ಲಿ ಅದು ಸಂಯಮದಿಂದಿರಬೇಕು, ಅಂದರೆ ಸೇರಿಸಬೇಕೇ ಹೊರತು ಅಳಿಸಬಾರದು. ಮುದ್ರಿತ ನಿಘಂಟಿನ ಹಳೆಯ ಆವೃತ್ತಿ ಗ್ರಂಥಾಲಯದಲ್ಲಿ ಉಳಿದಿರುತ್ತದೆ. ಗಣಕದಲ್ಲಿ ಅಳಿದ ಅರ್ಥಕ್ಕೆ ಅಂಥ ಆಶ್ರಯವಿಲ್ಲ. ಆದ್ದರಿಂದ ಈ ನಿಯಮಗಳನ್ನು ತಂತ್ರಜ್ಞರಿಗಷ್ಟೇ ಬಿಡದೆ, ಪದಗಳ ಅರ್ಥವ್ಯಾಪ್ತಿಯನ್ನು ಬಲ್ಲ ಕನ್ನಡ ಅಧ್ಯಾಪಕರೂ ಸಂಶೋಧಕರೂ ಅವರೊಂದಿಗೆ ಕುಳಿತು ನಿರ್ಧರಿಸುವುದು ಅಗತ್ಯ.