ಬಾಣದ ಮೊನೆಯೂ ಗರಿಯೂ

ಬಿಲ್ಲುವಿದ್ಯೆ ಎಂದೊಡನೆ ಅರ್ಜುನ, ಏಕಲವ್ಯರ ನೆನಪಾಗುವುದು ಸಹಜ. ಬಿಲ್ಲುಗಾರನ ಕಣ್ಣು, ತೋಳು, ಏಕಾಗ್ರತೆಗಳನ್ನು ನಾವು ಕೊಂಡಾಡುತ್ತೇವೆ. ಬಾಣದ ರಚನೆಯನ್ನು ಕುರಿತು ಯೋಚಿಸುವುದು ವಿರಳ. ಆದರೆ ಮೊನೆ, ದಂಡ, ಗರಿ ಈ ಮೂರಕ್ಕೆ ಹೊಂದಿಕೆಯಿಲ್ಲದಿದ್ದರೆ ಎಂತಹ ಬಿಲ್ಲುಗಾರನ ಬಾಣವೂ ದಾರಿ ತಪ್ಪುತ್ತದೆ. ಅದರ ಕಾರಣವನ್ನು ಇಲ್ಲಿ ವಿಚಾರಿಸೋಣ.

ಅಮೆರಿಕದಲ್ಲಿ ಬಿಲ್ಲುಬೇಟೆಯು ಇಂದಿಗೂ ಕಾನೂನಿನ ಮಿತಿಯಲ್ಲಿ ನಡೆಯುತ್ತದೆ. ಯಾಹಿ ಜನಾಂಗದ ಕೊನೆಯವನೆಂದು ಹೆಸರಾದ ಇಶಿ ಎಂಬಾತನು 1911ರಲ್ಲಿ ಕ್ಯಾಲಿಫೋರ್ನಿಯದ ಓರೋವಿಲ್ ಎಂಬಲ್ಲಿ ಕಾಣಿಸಿಕೊಂಡನು. ಅವನಿಂದ ಬಿಲ್ಲುಗಾರಿಕೆಯನ್ನು ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪರು 1923ರಲ್ಲಿ ಆ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿ, ಅಲ್ಲಿನ ಅನೇಕರಲ್ಲಿ ಈ ಕಲೆಯ ಆಸಕ್ತಿಯನ್ನು ಮೂಡಿಸಿದರು.

ಅಭ್ಯಾಸದ ಬಾಣಕ್ಕೆ ದುಂಡನೆಯ ಚೂಪು ಮೊನೆಯಿರುತ್ತದೆ. ಬೇಟೆಯ ಬಾಣಕ್ಕಾದರೋ ಎರಡು, ಮೂರು ಅಥವಾ ನಾಲ್ಕು ಅಗಲವಾದ ಅಲಗುಗಳನ್ನು ಭದ್ರವಾಗಿ ಕೂಡಿಸಿದ ಮೊನೆ. ಎರಡೂ 100 ಗ್ರೇನ್, ಎಂದರೆ ಸುಮಾರು 6.5 ಗ್ರಾಂ ತೂಗಿದರೆ ಒಂದೇ ಕಡೆ ನಾಟಬೇಕಲ್ಲವೆ? ಹಾಗೆ ಆಗಲೇಬೇಕೆಂದಿಲ್ಲ. ತೂಕ ಸಮನಾದ ಮಾತ್ರಕ್ಕೆ ಹಾರಾಟ ಸಮನಾಗದು.

ಬಾಣವು ತುಸು ಓರೆಯಾಗಿ ಹಾರಿದರೆ ಗಾಳಿಯು ಅಗಲವಾದ ಅಲಗನ್ನು ರೆಕ್ಕೆಯಂತೆ ಒತ್ತಿ, ಮೊನೆಯನ್ನು ಇನ್ನಷ್ಟು ಓರೆಯಾಗಿಸುತ್ತದೆ. ಹಿಂದಿನ ಗರಿಗಳು ಬಾಣವನ್ನು ನೇರ ದಾರಿಗೆ ಎಳೆಯುತ್ತವೆ. ಗಾಳಿಪಟಕ್ಕೆ ಬಾಲಂಗೋಚಿ ಹೇಗೋ ಬಾಣಕ್ಕೆ ಗರಿ ಹಾಗೆ. ಅಲಗು ಅಗಲವಾದಷ್ಟೂ ಗರಿ ಬಲವಾಗಿರಬೇಕು. ಗರಿಗಳನ್ನು ಸ್ವಲ್ಪ ಓರೆಯಾಗಿ ಅಂಟಿಸಿದರೆ ಬಾಣವು ಬುಗುರಿಯಂತೆ ತಿರುಗುತ್ತ ಸ್ಥಿರವಾಗಿ ಸಾಗುತ್ತದೆ.

ಇನ್ನು ದಂಡದ ವಿಚಾರ. ಹೆದೆಯು ತಳ್ಳಿದಾಗ ದಂಡವು ಬಾಗಿ ಬಳುಕುತ್ತದೆ. ದಂಡವನ್ನು 28 ಅಂಗುಲ ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ ಸುಮಾರು 880 ಗ್ರಾಂ ತೂಕವನ್ನು ತೂಗುಹಾಕಿದಾಗ ಅದು ಅರ್ಧ ಅಂಗುಲ ಬಾಗಿದರೆ ಅದರ ಅಂಕೆ 500. ಅಂಕೆ ಹೆಚ್ಚಿದಷ್ಟೂ ದಂಡ ಮೆದು. ಮೊನೆಯ ತೂಕ ಹೆಚ್ಚಿದರೆ ಅದೇ ದಂಡವು ಇನ್ನೂ ಮೆದುವಾದಂತೆ ವರ್ತಿಸುತ್ತದೆ. ಆದುದರಿಂದ ಮೊನೆಯನ್ನು ಬದಲಾಯಿಸಿದವನು ದಂಡವನ್ನೂ ಮತ್ತೆ ಪರೀಕ್ಷಿಸಬೇಕು. ಬಾಣದ ತೂಕದ ನೆಲೆಯು ನಡುಮಧ್ಯಕ್ಕಿಂತ ಮುಂದಿರುವುದೂ ಅಗತ್ಯ. 30 ಅಂಗುಲದ ಬಾಣದಲ್ಲಿ 3ರಿಂದ 4.5 ಅಂಗುಲದಷ್ಟು ಮುಂದಿರುವುದು ವಾಡಿಕೆ.

ಮೊನೆಯು ದಂಡಕ್ಕೆ ನೇರವಾಗಿ ಕೂಡಿದೆಯೆ ಎಂಬುದನ್ನು ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ತಿರುಗಿಸಿ ನೋಡುತ್ತಾರೆ. ಸಂದಿನಲ್ಲಿ ಓಲಾಡಿದರೆ ಆ ಬಾಣ ಬೇಟೆಗೆ ಒದಗದು. ಬಳಿಕ ಅಭ್ಯಾಸದ ಮೊನೆಯನ್ನೂ ಅಲಗಿನ ಮೊನೆಯನ್ನೂ ಒಂದೇ ದೂರದಿಂದ ಹಲವು ಸಲ ಎಸೆದು, ಎರಡೂ ಒಂದೇ ಎಡೆಯಲ್ಲಿ ನಾಟುವವರೆಗೆ ತಿದ್ದುತ್ತಾರೆ.

ಇಷ್ಟು ಶ್ರಮವೇಕೆ? ಬೇಟೆಯ ಬಾಣವು ರಕ್ತನಾಳಗಳನ್ನು ಕತ್ತರಿಸಿ ಕೊಲ್ಲುತ್ತದೆ. ಎದೆಗೆ ತಾಗಬೇಕಾದುದು ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ತಾಗಿದರೆ, ಜಿಂಕೆಯು ಪೊದೆಗಳಲ್ಲಿ ಅಡಗಿ ಗಂಟೆಗಟ್ಟಲೆ ನರಳುತ್ತದೆ. ಮನೆಯಲ್ಲಿ ಮಾಡಬೇಕಾಗಿದ್ದ ಪರೀಕ್ಷೆಯನ್ನು ಮಾಡದವನ ಸೋಮಾರಿತನಕ್ಕೆ ಮೂಕಪ್ರಾಣಿಯು ಬೆಲೆ ತೆರುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಅದು ಉಚಿತವೇ ಆಗಿದೆ. ನಮಗೆ ಬಾಣವು ಆಟದ ಮೈದಾನದ ಗುರಿಹಲಗೆಗೆ ಮಾತ್ರ. ಆದರೂ ಅದರ ಪಾಠ ನಮಗೂ ಸಲ್ಲುತ್ತದೆ: ಕೈಬಿಟ್ಟ ಬಾಣವನ್ನು ತಿದ್ದಲಾಗದು, ತಿದ್ದುವುದೆಲ್ಲವೂ ಹೆದೆಯನ್ನೆಳೆಯುವ ಮೊದಲೇ ಆಗಬೇಕು.